ರಾಷ್ಟ್ರೀಯ ಟೈಮ್ ಟ್ರಯಲ್‌ಗೆ ಮೊದಲ ಸಲ ಹೊರಟಿದ್ದೀರಾ? ಹೆಸರು ಕೊಡುವುದರಿಂದ ಫಿನಿಶ್ ಗೆರೆಯವರೆಗೆ

ರೋಡ್ ಸೈಕ್ಲಿಂಗ್‌ನಲ್ಲಿ ಟೈಮ್ ಟ್ರಯಲ್‌ನಷ್ಟು ನೇರವಾದ ಸ್ಪರ್ಧೆ ಇನ್ನೊಂದಿಲ್ಲ. ಒಬ್ಬೊಬ್ಬರೇ ಹೊರಡಬೇಕು. ಗಾಳಿ ತಡೆಯಲು ಮುಂದೆ ಯಾರೂ ಇರುವುದಿಲ್ಲ. ಗುಂಪಿನಲ್ಲಿ ಅಡಗಿ ಕೂತು ಕೊನೆಯ ಇನ್ನೂರು ಮೀಟರ್‌ನಲ್ಲಿ ನುಗ್ಗುವ ಆಟ ಇಲ್ಲಿ ನಡೆಯಲ್ಲ. ಕಡಿಮೆ ಸಮಯದಲ್ಲಿ ದಾರಿ ಮುಗಿಸಿದವರೇ ಚಾಂಪಿಯನ್.

ಗೆಲುವಿನ ಅಂತರ ಮಾತ್ರ ತುಂಬಾ ಸಣ್ಣದಿರುತ್ತದೆ. 2020ರ ಜೂನ್‌ನಲ್ಲಿ ಸ್ಲೊವೇನಿಯಾದ ರಾಷ್ಟ್ರೀಯ ಟೈಮ್ ಟ್ರಯಲ್‌ನಲ್ಲಿ ತಡೇಯ್ ಪೊಗಾಚರ್ ಅವರು ಪ್ರಿಮೋಜ್ ರೊಗ್ಲಿಚ್ ಅವರನ್ನು ಹಿಂದಿಕ್ಕಿದ್ದು ಬರೀ 9 ಸೆಕೆಂಡಿನಿಂದ. ಒಂಬತ್ತು ಸೆಕೆಂಡ್ ಅಂದರೆ ಒಂದು ತಿರುವಿನಲ್ಲಿ ಹೆದರಿ ಬ್ರೇಕ್ ಹಿಡಿದದ್ದು, ಮೊದಲ ಎರಡು ನಿಮಿಷ ಹುಮ್ಮಸ್ಸಿನಲ್ಲಿ ಜಾಸ್ತಿ ತುಳಿದದ್ದು, ಬೆನ್ನ ಮೇಲಿನ ನಂಬರ್ ಚೀಟಿ ದಾರಿಯುದ್ದಕ್ಕೂ ಪಟಪಟ ಬಡಿದದ್ದು. ಕಾಲಿನ ಶಕ್ತಿ ಒಂದು ಸೀಸನ್‌ನಲ್ಲಿ ಬೆಳೆಯುವುದು ಸ್ವಲ್ಪವೇ. ಅದೇ ಶಕ್ತಿ ಪೋಲಾಗದಂತೆ ನೋಡಿಕೊಂಡರೆ ಸಿಗುವ ಸಮಯ ಅದಕ್ಕಿಂತ ಎಷ್ಟೋ ಜಾಸ್ತಿ. ಮೊದಲ ಸಲ ರಾಷ್ಟ್ರೀಯ ಮಟ್ಟಕ್ಕೆ ಬರುವವರಿಗೆ ನಾನು ಮುಖ್ಯವಾಗಿ ಹೇಳುವುದು ಇದನ್ನೇ. ಕೆಳಗಿನ ಹೆಜ್ಜೆಗಳೆಲ್ಲ ಅದರ ಸುತ್ತಲೇ ಇವೆ.

ಹೆಜ್ಜೆ 1: ಹೆಸರು ಕೊಡುವ ಮುಂಚೆ

ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಸುವುದು ಆಯಾ ದೇಶದ ಸೈಕ್ಲಿಂಗ್ ಫೆಡರೇಷನ್. ನೀವು ಯಾವ ದೇಶದ ಪ್ರಜೆಯೋ ಆ ದೇಶದ ಪಟ್ಟಕ್ಕೆ ಮಾತ್ರ ಸ್ಪರ್ಧಿಸಬಹುದು. ಆ ವರ್ಷದ ಲೈಸೆನ್ಸ್ ಕೈಯಲ್ಲಿರಬೇಕು. ಕೆಲವು ಕಡೆ ಅರ್ಹತಾ ರೇಸ್ ಇರುತ್ತದೆ, ಕೆಲವು ಕಡೆ ಆಯ್ಕೆ ಸಮಿತಿ ಹೆಸರು ಕಳಿಸುತ್ತದೆ. ಕೊನೆಯ ದಿನಾಂಕ ದಾಟಿದ ಮೇಲೆ ಯಾರ ಕಾಲು ಹಿಡಿದರೂ ಪ್ರಯೋಜನ ಇಲ್ಲ.

ವಯಸ್ಸಿನ ವಿಭಾಗ ಲೆಕ್ಕ ಹಾಕುವುದು ಹುಟ್ಟಿದ ವರ್ಷದ ಮೇಲೆ. ಆ ವರ್ಷದಲ್ಲಿ 17 ಅಥವಾ 18 ತುಂಬುವವರು ಜೂನಿಯರ್, 19ರಿಂದ 22ರವರು ಅಂಡರ್-23, ಅದರ ಮೇಲೆ ಎಲೀಟ್. ಡಿಸೆಂಬರ್ 31ಕ್ಕೆ ಹುಟ್ಟಿದವರಿಗೂ ಇದೇ ಲೆಕ್ಕ.

ಯುರೋಪಿನ ಬಹುತೇಕ ದೇಶಗಳಲ್ಲಿ ಇದು ಜೂನ್ ಕೊನೆಯ ವಾರದಲ್ಲಿ, ಟೂರ್ ಡಿ ಫ್ರಾನ್ಸ್‌ಗೆ ಸ್ವಲ್ಪ ಮುಂಚೆ ನಡೆಯುತ್ತದೆ. ಆಸ್ಟ್ರೇಲಿಯಾದಲ್ಲಿ ವರ್ಷದ ಆರಂಭದಲ್ಲೇ ಮುಗಿಯುತ್ತದೆ. ನಿಮ್ಮ ದೇಶದ ದಿನಾಂಕ ಗೊತ್ತಾದ ಕೂಡಲೇ ಅಲ್ಲಿಂದ ಹನ್ನೆರಡು ವಾರ ಹಿಂದಕ್ಕೆ ಎಣಿಸಿ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

ಔಷಧಿ ವಿಷಯವನ್ನೂ ಈಗಲೇ ನೋಡಿಕೊಳ್ಳಿ. ದಿನಾ ತಗೊಳ್ಳುವ ಮಾತ್ರೆ, ಇನ್‌ಹೇಲರ್, ನೆಗಡಿ ಸಿರಪ್, ಎಲ್ಲವನ್ನೂ ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಷೇಧ ಪಟ್ಟಿಯ ಜೊತೆ ತಾಳೆ ನೋಡಬೇಕು. ಪಟ್ಟಿ ಪ್ರತಿ ವರ್ಷ ಜನವರಿ 1ಕ್ಕೆ ಬದಲಾಗುತ್ತದೆ. ನೋವಿನ ಔಷಧಿ ಟ್ರಾಮಡಾಲ್ ಇದಕ್ಕೆ ಒಂದು ಉದಾಹರಣೆ. 2024ರ ಜನವರಿಯಿಂದ ಸ್ಪರ್ಧೆಯ ಸಮಯದಲ್ಲಿ ಅದು ಎಲ್ಲ ಕ್ರೀಡೆಗಳಲ್ಲೂ ನಿಷಿದ್ಧ. ವೈದ್ಯರು ಬರೆದುಕೊಟ್ಟ ಔಷಧಿ ಪಟ್ಟಿಯಲ್ಲಿದ್ದರೆ ಚಿಕಿತ್ಸೆಗಾಗಿ ವಿನಾಯಿತಿ ಕೇಳಿ ಅರ್ಜಿ ಹಾಕಬೇಕು. ಅದಕ್ಕೆ ವಾರಗಳೇ ಹಿಡಿಯಬಹುದು.

ಹೆಜ್ಜೆ 2: ಕೂರುವ ಭಂಗಿ ಸರಿಮಾಡಿಕೊಳ್ಳಿ

ಸಮಯ ಸಿಗುವ ದೊಡ್ಡ ಜಾಗ ಇದು. ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಸಮತಟ್ಟು ದಾರಿಯಲ್ಲಿ 40 ಕಿಮೀ ವೇಗ ದಾಟಿದ ಮೇಲೆ ನೀವು ತುಳಿಯುವ ಶಕ್ತಿಯಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಆ ಗಾಳಿಗೆ ಸಿಗುವುದರಲ್ಲಿ ದೊಡ್ಡ ಪಾಲು ನಿಮ್ಮ ಮೈ. ಸೈಕಲ್‌ದು ಅದರ ಮುಂದೆ ಸಣ್ಣದು. ದುಬಾರಿ ಚಕ್ರ ಕೊಳ್ಳುವ ಮುಂಚೆ ಭುಜ, ತಲೆ, ಮೊಣಕೈ ಎಲ್ಲಿವೆ ಅಂತ ನೋಡಿ ಅನ್ನುವುದು ಇದಕ್ಕೇ.

ಒಂದು ಲೆಕ್ಕ ಮಾಡಿ ನೋಡೋಣ. ಸವಾರ, ಸೈಕಲ್ ಸೇರಿ 80 ಕೆಜಿ. ಗಾಳಿಗೆ ಮೈ ಎಷ್ಟು ಒಡ್ಡಿಕೊಂಡಿದೆ ಅಂತ ಹೇಳುವ ಅಂಕಿಗೆ ಸೈಕ್ಲಿಂಗ್‌ನಲ್ಲಿ ಸಿಡಿಎ ಅನ್ನುತ್ತಾರೆ. ಅದು 0.25 ಇದೆ ಅಂದುಕೊಳ್ಳಿ. ಗಾಳಿ ಬೀಸದ ದಿನ, ಸಮತಟ್ಟು ದಾರಿಯಲ್ಲಿ 40 ಕಿಮೀ ವೇಗಕ್ಕೆ ಸುಮಾರು 245 ವ್ಯಾಟ್ ಬೇಕು. 44 ಕಿಮೀ ವೇಗಕ್ಕೆ ಸುಮಾರು 320. ವೇಗ ನೂರಕ್ಕೆ ಹತ್ತು ಏರಲು ಶಕ್ತಿ ನೂರಕ್ಕೆ ಮೂವತ್ತು ಏರಬೇಕಾಯಿತು. ಅದೇ ಸವಾರ ಭಂಗಿ ತಿದ್ದಿಕೊಂಡು ಸಿಡಿಎಯನ್ನು 0.22ಕ್ಕೆ ಇಳಿಸಿದರೆ, 44ರ ವೇಗಕ್ಕೆ ಸುಮಾರು 285 ವ್ಯಾಟ್ ಸಾಕು. 35 ವ್ಯಾಟ್ ಉಳಿತಾಯ! ತರಬೇತಿಯಿಂದ ಅಷ್ಟು ವ್ಯಾಟ್ ಗಳಿಸಲು ಒಳ್ಳೆಯ ಸವಾರರಿಗೂ ವರ್ಷಗಳು ಬೇಕು.

ಇದನ್ನು ಅಳೆಯಲು ವಿಂಡ್ ಟನಲ್ ಬೇಕೇ ಬೇಕು ಅಂತೇನಿಲ್ಲ. ತುಳಿಯುವ ಶಕ್ತಿಯನ್ನು ವ್ಯಾಟ್‌ನಲ್ಲಿ ತೋರಿಸುವ ಪವರ್ ಮೀಟರ್ ಇದ್ದರೆ, ವಾಹನ ಓಡಾಡದ ಒಂದು ಸುತ್ತು ದಾರಿ ಸಿಕ್ಕರೆ, ಗಾಳಿ ಇಲ್ಲದ ಬೆಳಗ್ಗೆ ನೀವೇ ಅಳೆಯಬಹುದು. ಹಳೆಯ ಭಂಗಿಯಲ್ಲಿ ಒಂದು ಸರದಿ, ಹೊಸ ಭಂಗಿಯಲ್ಲಿ ಎರಡು, ಮತ್ತೆ ಹಳೆಯದರಲ್ಲಿ ಒಂದು. ನಾಲ್ಕರಲ್ಲೂ ಒಂದೇ ವ್ಯಾಟ್ ಹಿಡಿಯಿರಿ, ಎಲ್ಲಿಯೂ ಬ್ರೇಕ್ ಹಿಡಿಯಬೇಡಿ, ಆಮೇಲೆ ಸರಾಸರಿ ವೇಗ ಹೋಲಿಸಿ. ಹಳೆಯ ಭಂಗಿಗೆ ಕೊನೆಯಲ್ಲಿ ಮತ್ತೆ ಬರುವುದು ಯಾಕೆ ಅಂದರೆ, ಬಿಸಿಲು ಏರಿದ ಹಾಗೆ ಗಾಳಿ, ಟೈರ್ ಎಲ್ಲ ಬದಲಾಗುತ್ತವೆ. ಎರಡು ಹಳೆಯ ಸರದಿಗಳ ವೇಗವೇ ಒಂದಕ್ಕೊಂದು ಹೊಂದದಿದ್ದರೆ ಆ ದಿನದ ಅಳತೆ ಬಿಟ್ಟುಬಿಡಿ.

ಏನನ್ನು ಬದಲಾಯಿಸಬೇಕು? ಮೊದಲು ತಲೆ. ಭುಜಗಳ ನಡುವೆ ತಲೆಯನ್ನು ಒಳಕ್ಕೆ ಎಳೆದುಕೊಂಡು, ಕಣ್ಣು ಮಾತ್ರ ಮೇಲಕ್ಕೆತ್ತಿ ದಾರಿ ನೋಡುವುದನ್ನು ಅಭ್ಯಾಸ ಮಾಡಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಆಮೇಲೆ ಮೊಣಕೈಗಳನ್ನು ಸ್ವಲ್ಪ ಹತ್ತಿರ ತನ್ನಿ, ಅಂಗೈಗಳನ್ನು ಮುಖದ ಕಡೆಗೆ ಸ್ವಲ್ಪ ಮೇಲೆತ್ತಿ. ಬೆನ್ನನ್ನು ಇನ್ನೂ ಇನ್ನೂ ಕೆಳಗೆ ಇಳಿಸುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಸೊಂಟದ ಹತ್ತಿರ ಮಡಿಕೆ ಜಾಸ್ತಿಯಾದರೆ ತೊಡೆ ಹೊಟ್ಟೆಗೆ ಒತ್ತುತ್ತದೆ, ಉಸಿರು ಕಟ್ಟುತ್ತದೆ, ವ್ಯಾಟ್ ಇಳಿಯುತ್ತದೆ. ಸ್ವಲ್ಪ ಚಿಕ್ಕ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಹಾಕಿದರೆ ಆ ಒತ್ತಡ ಎಷ್ಟೋ ಕಡಿಮೆಯಾಗುತ್ತದೆ. ಕೊನೆಗೆ ಕೇಳಿಕೊಳ್ಳಬೇಕಾದ್ದು ಒಂದೇ: ಈ ಭಂಗಿಯಲ್ಲಿ ನಲವತ್ತು ನಿಮಿಷ ಅಲುಗಾಡದೆ ಇರಲು ಆಗುತ್ತದಾ? ಐದು ನಿಮಿಷಕ್ಕೊಮ್ಮೆ ಎದ್ದು ಸೊಂಟ ನೆಟ್ಟಗೆ ಮಾಡಿಕೊಳ್ಳಬೇಕಾದರೆ, ನೋಡಲು ಎಷ್ಟೇ ಚೆನ್ನಾಗಿರಲಿ, ಅದು ನಿಧಾನದ ಭಂಗಿ.

ಹೆಜ್ಜೆ 3: ಸೈಕಲ್ ನಿಯಮಕ್ಕೆ ಒಗ್ಗುತ್ತದಾ ನೋಡಿ

ಬಹುತೇಕ ಫೆಡರೇಷನ್‌ಗಳು ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ) ನಿಯಮಗಳನ್ನೇ ಅನುಸರಿಸುತ್ತವೆ. ಸೈಕಲ್ ತೂಕ 6.8 ಕೆಜಿಗಿಂತ ಕಡಿಮೆ ಇರಬಾರದು. ಟೈಮ್ ಟ್ರಯಲ್‌ಗೆಂದೇ ಮಾಡಿದ ಟಿಟಿ ಬೈಕ್‌ಗಳು ಹೇಗೂ ಅದಕ್ಕಿಂತ ಭಾರವೇ ಇರುತ್ತವೆ, ಚಿಂತೆ ಬೇಡ. ತೊಂದರೆ ಬರುವುದು ಮೊಣಕೈ ಊರಿ ಬಗ್ಗಿ ಹಿಡಿಯುವ ಮುಂದಿನ ಏರೋ ಬಾರ್ ಅಳತೆಯಲ್ಲಿ. 2023ರಿಂದ ಇದನ್ನು ಸವಾರರ ಎತ್ತರಕ್ಕೆ ತಕ್ಕಂತೆ ಮೂರು ಭಾಗ ಮಾಡಿದ್ದಾರೆ. ಪೆಡಲ್ ತಿರುಗುವ ಕೇಂದ್ರದಿಂದ ಬಾರ್ ತುದಿಯವರೆಗೆ, 180 ಸೆಂಮೀಗಿಂತ ಕುಳ್ಳಗಿನವರಿಗೆ 80 ಸೆಂಮೀ, 180ರಿಂದ 190ರ ಒಳಗಿನವರಿಗೆ 83, ಅದಕ್ಕಿಂತ ಎತ್ತರದವರಿಗೆ 85 ಮಿತಿ. ಮೊಣಕೈ ಪ್ಯಾಡ್‌ಗೂ ಬಾರ್ ತುದಿಗೂ ಇರುವ ಎತ್ತರದ ವ್ಯತ್ಯಾಸಕ್ಕೂ ಹೀಗೇ ಮಿತಿ ಇದೆ. ಸ್ಯಾಡಲ್ ತುದಿ ಎಷ್ಟು ಮುಂದೆ ಬರಬಹುದು ಅನ್ನುವುದಕ್ಕೂ ಇದೆ. ಆ ವರ್ಷದ ನಿಯಮ ಪುಸ್ತಕ ಇಟ್ಟುಕೊಂಡು, ಟೇಪ್ ಹಿಡಿದು ಮನೆಯಲ್ಲೇ ಅಳೆಯಿರಿ. ಎರಡು ಮೂರು ಮಿಲಿಮೀಟರ್ ಒಳಗೇ ಇರಲಿ. ರೇಸ್ ದಿನದ ಅಳತೆ ಚೌಕಟ್ಟಿನಲ್ಲಿ ಸೈಕಲ್ ಕೂರದಿದ್ದರೆ, ಸ್ಟಾರ್ಟ್‌ಗೆ ಹತ್ತು ನಿಮಿಷ ಇರುವಾಗ ಅಲೆನ್ ಕೀ ಹಿಡಿದು ಇಷ್ಟು ತಿಂಗಳ ಭಂಗಿಯನ್ನು ಕೆಡಿಸಬೇಕಾಗುತ್ತದೆ.

ಕಾಲುಚೀಲಕ್ಕೂ ನಿಯಮ ಇದೆ. ಹಿಮ್ಮಡಿ ಗಂಟಿಗೂ ಮೊಣಕಾಲಿಗೂ ನಡುವಿನ ಅರ್ಧ ದಾಟಿ ಮೇಲೆ ಬರುವಂತಿಲ್ಲ. ಅದನ್ನೂ ಅಳೆಯುತ್ತಾರೆ.

ಹಿಂದೆ ಡಿಸ್ಕ್ ಚಕ್ರ (ಕಡ್ಡಿಗಳು ಕಾಣದಂತೆ ಪೂರ್ತಿ ಮುಚ್ಚಿದ್ದು) ಇದ್ದರೆ ಒಳ್ಳೆಯದು. ಮುಂದಿನ ಚಕ್ರ ಆಯ್ಕೆ ಮಾಡುವಾಗ ಅಡ್ಡಗಾಳಿ ಮನಸ್ಸಿನಲ್ಲಿರಲಿ. ರಿಮ್ ಆಳ ಜಾಸ್ತಿಯಾದಷ್ಟೂ ಗಾಳಿ ಹ್ಯಾಂಡಲ್ ಎಳೆಯುತ್ತದೆ. ಹೆದರಿಕೆಯಿಂದ ಏರೋ ಬಾರ್ ಬಿಟ್ಟು ಎದ್ದು ಕೂತರೆ ಆಳದ ರಿಮ್ ಉಳಿಸಿದ ಸೆಕೆಂಡೆಲ್ಲ ಅಲ್ಲೇ ಹೋಯಿತು. ಟೈರ್‌ಗೆ ಗಾಳಿ ಕಲ್ಲಿನ ಹಾಗೆ ತುಂಬುವ ಹಳೆಯ ರೂಢಿ ಬಿಡಿ. ಒರಟು ಡಾಂಬರಿನ ಮೇಲೆ ಸ್ವಲ್ಪ ಕಡಿಮೆ ಗಾಳಿಯೇ ವೇಗ. ಚೈನ್ ತೊಳೆದು ಮೇಣ ಹಾಕಿ. ಹೊಸ ಚೈನ್ ಆದರೆ ರೇಸ್‌ಗೆ ಮುಂಚೆ ಒಂದೆರಡು ಸಲ ಓಡಿಸಿರಬೇಕು.

ಸ್ಕಿನ್‌ಸೂಟ್‌ನಲ್ಲಿ ಸುಕ್ಕು ಇರಬಾರದು. ನಂಬರ್ ಚೀಟಿ ಇನ್ನೊಬ್ಬರ ಕೈಲಿ ಹಾಕಿಸಿಕೊಳ್ಳಿ. ನೀವು ಏರೋ ಭಂಗಿಯಲ್ಲಿ ಬಗ್ಗಿ ನಿಂತಿರುವಾಗಲೇ ಹಾಕಬೇಕು. ನೆಟ್ಟಗೆ ನಿಂತು ಹಾಕಿದ ಚೀಟಿ ಬಗ್ಗಿದ ಕೂಡಲೇ ಪಟದ ಹಾಗೆ ಉಬ್ಬುತ್ತದೆ.

ಹೆಜ್ಜೆ 4: ಹನ್ನೆರಡು ವಾರ

ತರಬೇತಿಯ ಬಗ್ಗೆ ಹೇಳುವುದು ತುಂಬಾ ಇದೆ, ಇಲ್ಲಿ ಬೆನ್ನೆಲುಬು ಮಾತ್ರ. ಒಂದು ಗಂಟೆ ಹೊತ್ತು ಹಿಡಿಯಬಲ್ಲ ಗರಿಷ್ಠ ವ್ಯಾಟ್‌ಗೆ ಎಫ್‌ಟಿಪಿ ಅನ್ನುತ್ತೇವೆ. ಎಲ್ಲ ಅಭ್ಯಾಸಗಳ ಅಳತೆಗೋಲು ಅದೇ.

ಮೊದಲ ನಾಲ್ಕು ವಾರ ಟಿಟಿ ಬೈಕ್‌ಗೆ ಮೈ ಒಗ್ಗಿಸಿ. ಕತ್ತು, ಭುಜ, ಸೊಂಟ ನೋಯುತ್ತವೆ. ದಿನಕ್ಕೆ ಇಪ್ಪತ್ತು ನಿಮಿಷದಿಂದ ಶುರುಮಾಡಿ ಬೆಳೆಸಿ. ಐದರಿಂದ ಹತ್ತನೇ ವಾರದವರೆಗೆ ವಾರಕ್ಕೆ ಎರಡು ಗಟ್ಟಿ ಅಭ್ಯಾಸ. ಒಂದು, 20 ನಿಮಿಷದ ಎರಡು ಸರದಿ, ಎಫ್‌ಟಿಪಿಯ ನೂರಕ್ಕೆ 95ರಿಂದ 100ರಲ್ಲಿ, ಪೂರ್ತಿ ಏರೋ ಬಾರ್ ಮೇಲೆ. ಇನ್ನೊಂದು, ಎರಡು ನಿಮಿಷ 95ರಲ್ಲಿ, ಒಂದು ನಿಮಿಷ 105ರಲ್ಲಿ, ಹೀಗೆ ಏರಿಳಿತ. ಏರು ಬಂದಾಗ ಜಾಸ್ತಿ ತುಳಿದು, ನಿಲ್ಲಿಸದೆ ಸುಧಾರಿಸಿಕೊಳ್ಳುವುದನ್ನು ಇದು ಕಲಿಸುತ್ತದೆ. ಯಾವಾಗಲಾದರೂ ಇದರ ಬದಲು ನಾಲ್ಕು ನಿಮಿಷದ ಐದು ಸರದಿ, ಇನ್ನೂ ಜೋರಾಗಿ. ಉಳಿದ ದಿನಗಳಲ್ಲಿ ಮಾತಾಡುತ್ತಾ ಹೋಗಬಹುದಾದ ವೇಗ. ಆ ನಿಧಾನದ ದಿನಗಳಲ್ಲಿ ನಿಜವಾಗಿಯೂ ನಿಧಾನವಾಗಿ ಹೋಗಲು ಜಾಸ್ತಿ ಜನಕ್ಕೆ ಬರುವುದಿಲ್ಲ.

ಸೈಕಲ್ ಸಿಕ್ಕಿಸಿ ನಿಂತಲ್ಲೇ ತುಳಿಯುವ ಟ್ರೈನರ್ ಮೇಲೆ ಮಾತ್ರ ತಯಾರಾಗಬೇಡಿ. ಹೊರಗೆ ಗಾಳಿಯಲ್ಲಿ, ತಿರುವಿನಲ್ಲಿ ಟಿಟಿ ಬೈಕ್ ಬೇರೆಯೇ ತರ ನಡೆದುಕೊಳ್ಳುತ್ತದೆ. ಆದರೆ ವಾಹನ ಓಡಾಡುವ ರಸ್ತೆಯಲ್ಲಿ ಏರೋ ಬಾರ್ ಹಿಡಿಯಬೇಡಿ, ಕೈ ಬ್ರೇಕ್‌ನಿಂದ ದೂರ ಇರುತ್ತದೆ.

ಕೊನೆಯ ಹತ್ತು ದಿನ ಒಟ್ಟು ಸವಾರಿಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿ, ಜೋರು ಮಾತ್ರ ಉಳಿಸಿಕೊಳ್ಳಿ. ರೇಸ್ ವೇಗದಲ್ಲಿ ಚಿಕ್ಕ ಚಿಕ್ಕ ಸರದಿ ಸಾಕು. "ಏನೂ ಮಾಡ್ತಾ ಇಲ್ವಲ್ಲ" ಅನ್ನುವ ಕಳವಳ ಆಗುತ್ತದೆ. ಆಗಲಿ ಬಿಡಿ.

ಹೆಜ್ಜೆ 5: ದಾರಿಯನ್ನು ಬಾಯಿಪಾಠ ಮಾಡಿ

ಸಾಧ್ಯವಾದರೆ ಎರಡು ಸಲ ನೋಡಿ. ಒಮ್ಮೆ ಕಾರಿನಲ್ಲಿ, ಒಮ್ಮೆ ಸೈಕಲ್ ಮೇಲೆ, ರೇಸ್ ನಡೆಯುವ ಹೊತ್ತಿನಲ್ಲೇ. ಬೆಳಗಿನ ಗಾಳಿಗೂ ಮಧ್ಯಾಹ್ನದ ಗಾಳಿಗೂ ಸಂಬಂಧವೇ ಇರುವುದಿಲ್ಲ. ಫೋನ್‌ನಲ್ಲಿ ವಿಡಿಯೊ ಮಾಡಿಕೊಂಡು ರಾತ್ರಿ ಮತ್ತೆ ನೋಡಿ.

ಬರೆದುಕೊಳ್ಳಬೇಕಾದ್ದು ಇವು. ಯಾವ ತಿರುವನ್ನು ಏರೋ ಬಾರ್ ಮೇಲೇ ದಾಟಬಹುದು, ಯಾವುದಕ್ಕೆ ಕೈ ಬ್ರೇಕ್‌ಗೆ ಹೋಗಬೇಕು. ಗುಂಡಿ, ಹಂಪ್, ರೈಲ್ವೆ ಹಳಿ, ಚರಂಡಿ ಮುಚ್ಚಳ ಎಲ್ಲಿವೆ. ಮರದ ಸಾಲು ಅಥವಾ ಕಟ್ಟಡ ಎಲ್ಲಿ ಮುಗಿದು ಬಯಲು ಶುರುವಾಗುತ್ತದೆ, ಯಾಕೆಂದರೆ ಅಲ್ಲಿ ಅಡ್ಡಗಾಳಿ ಒಮ್ಮೆಲೇ ಬಂದು ಬಡಿಯುತ್ತದೆ. ಹೋಗಿ ತಿರುಗಿ ಬರುವ ದಾರಿಯಾದರೆ ಯೂ ಟರ್ನ್ ಎಷ್ಟು ಅಗಲ ಇದೆ, ಯಾವ ಗೇರ್‌ನಲ್ಲಿ ಹೊರಬರಬೇಕು. ಯೂ ಟರ್ನ್ ಅಭ್ಯಾಸ ಮಾಡುವವರು ತುಂಬಾ ಕಡಿಮೆ. ಒಂದು ಸಂಜೆ ಬರೀ ಅದನ್ನೇ ಮಾಡಿ. ಒಳಗೆ ಬರುವ ಮುಂಚೆ ಗೇರ್ ಇಳಿಸಿ, ತಿರುವು ಮುಗಿಯುವಾಗ ಎದ್ದು ತುಳಿದು, ವೇಗ ಬಂದ ಕೂಡಲೇ ಕೂತು ಬಗ್ಗುವುದು.

ದಾರಿ ನೋಡುವಾಗ ರೇಸ್ ಇನ್ನೂ ಶುರುವಾಗಿಲ್ಲ ಅಂತ ಮೈಮರೆಯಬೇಡಿ. ನಾಲ್ಕು ಸಲ ಟೂರ್ ಡಿ ಫ್ರಾನ್ಸ್ ಗೆದ್ದ ಕ್ರಿಸ್ ಫ್ರೂಮ್ 2019ರ ಜೂನ್‌ನಲ್ಲಿ ಬಿದ್ದದ್ದು ಟೈಮ್ ಟ್ರಯಲ್‌ನ ದಾರಿ ನೋಡಲು ಹೋದಾಗಲೇ. ಇಳಿಜಾರಿನಲ್ಲಿ ಮೂಗು ಒರೆಸಿಕೊಳ್ಳಲು ಒಂದು ಕೈ ತೆಗೆದರು. ಅದೇ ಕ್ಷಣ ಗಾಳಿ ಮುಂದಿನ ಚಕ್ರ ಎಳೆಯಿತು. ಗೋಡೆಗೆ ಬಡಿದು ತೊಡೆ, ಮೊಣಕೈ, ಪಕ್ಕೆಲುಬು ಮುರಿದವು.

ಹೆಜ್ಜೆ 6: ಎಲ್ಲಿ ಜಾಸ್ತಿ ತುಳಿಯಬೇಕು, ಎಲ್ಲಿ ಕಡಿಮೆ

ದಾರಿ ಗೊತ್ತಾದ ಮೇಲೆ ಶಕ್ತಿ ಹಂಚುವ ಲೆಕ್ಕ. ಸಮತಟ್ಟು ದಾರಿ, ಗಾಳಿ ಇಲ್ಲ ಅಂದರೆ ಒಂದೇ ಸಮ ತುಳಿಯುವುದೇ ಸರಿ. ಆದರೆ ಅಂಥ ದಾರಿ ಸಿಗುವುದು ಅಪರೂಪ.

30 ಕಿಮೀ ದಾರಿ ಅಂದುಕೊಳ್ಳಿ. ಹೋಗುವ 15 ಕಿಮೀ ಎದುರುಗಾಳಿ, ಬರುವ 15 ಕಿಮೀ ಗಾಳಿ ಬೆನ್ನಿಗೆ. ಹೋಗುವಾಗ 36 ಕಿಮೀ ವೇಗ ಇದ್ದರೆ 25 ನಿಮಿಷ ಹಿಡಿಯುತ್ತದೆ. ಬರುವಾಗ 45 ಇದ್ದರೆ 20 ನಿಮಿಷ. ಹೋಗುವಾಗ ವೇಗವನ್ನು 37 ಮಾಡಿದರೆ 40 ಸೆಕೆಂಡ್ ಉಳಿಯುತ್ತದೆ. ಬರುವಾಗ 46 ಮಾಡಿದರೆ ಉಳಿಯುವುದು 26 ಸೆಕೆಂಡ್. ಎರಡಕ್ಕೂ ಬೇಕಾಗುವ ಹೆಚ್ಚುವರಿ ವ್ಯಾಟ್ ಹೆಚ್ಚುಕಡಿಮೆ ಒಂದೇ.

ಏರಿನಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. 2 ಕಿಮೀ ಏರನ್ನು 20 ಕಿಮೀ ವೇಗದಲ್ಲಿ ಹತ್ತಲು 6 ನಿಮಿಷ. 21ರಲ್ಲಿ ಹತ್ತಿದರೆ 17 ಸೆಕೆಂಡ್ ಲಾಭ. ಅದೇ 2 ಕಿಮೀ ಇಳಿಜಾರಿನಲ್ಲಿ 60ರಿಂದ 61ಕ್ಕೆ ಹೋದರೆ ಲಾಭ ಬರೀ 2 ಸೆಕೆಂಡ್, ಅದಕ್ಕೆ ವ್ಯಾಟ್ ಇನ್ನೂ ಜಾಸ್ತಿ ಬೇಕು.

ಅಂದರೆ ನಿಧಾನವಾಗುವ ಜಾಗದಲ್ಲಿ ಶಕ್ತಿ ಹಾಕಿ, ತಾನಾಗಿ ವೇಗ ಬರುವ ಜಾಗದಲ್ಲಿ ಸುಧಾರಿಸಿಕೊಳ್ಳಿ. ಆದರೆ ಮಿತಿ ಮೀರಬೇಡಿ. ನಿಮ್ಮ ಗುರಿ 280 ವ್ಯಾಟ್ ಇದ್ದರೆ ಎದುರುಗಾಳಿಯಲ್ಲಿ 290, ಚಿಕ್ಕ ಏರಿನಲ್ಲಿ 300, ಗಾಳಿ ಬೆನ್ನಿಗಿದ್ದಾಗ 265ರ ಸುತ್ತ. ಏರು ಕಂಡ ತಕ್ಷಣ 380ಕ್ಕೆ ಹಾರಿದರೆ ತುದಿ ಮುಟ್ಟುವಷ್ಟರಲ್ಲಿ ಕಾಲು ಸತ್ತಿರುತ್ತದೆ. ಏರಿನ ತುದಿ ಮುಗಿದು ವೇಗ ಮತ್ತೆ ಕುದುರುವ ಆ ಇಪ್ಪತ್ತು ಸೆಕೆಂಡ್‌ಗೆ ಶಕ್ತಿ ಉಳಿಸಿಕೊಳ್ಳಿ. ಎದುರಾಳಿಗಳು ಉಸಿರು ಬಿಡುವುದು ಅಲ್ಲೇ.

ಒಟ್ಟು ಗುರಿ ಎಷ್ಟಿರಬೇಕು? ಒಂದು ಗಂಟೆ ಹತ್ತಿರದ ರೇಸ್‌ಗೆ ಎಫ್‌ಟಿಪಿಯಷ್ಟೇ. ಅರ್ಧ ಗಂಟೆಯದಕ್ಕೆ ಅದಕ್ಕಿಂತ ಸ್ವಲ್ಪ ಮೇಲೆ. ಟಿಟಿ ಭಂಗಿಯಲ್ಲಿ ಅಳೆದ ಎಫ್‌ಟಿಪಿಯನ್ನೇ ಲೆಕ್ಕಕ್ಕೆ ತಗೊಳ್ಳಿ. ಮಾಮೂಲಿ ರೋಡ್ ಬೈಕ್‌ನ ಅಂಕಿ ಸಾಮಾನ್ಯವಾಗಿ ಜಾಸ್ತಿ ಇರುತ್ತದೆ. ಅದನ್ನು ನಂಬಿ ಹೊರಟರೆ ಅರ್ಧ ದಾರಿಯಲ್ಲೇ ಸಾಲ ಮೈಮೇಲೆ ಬರುತ್ತದೆ. ಯೋಜನೆಯನ್ನು ನಾಲ್ಕೈದು ಸಾಲಿನಲ್ಲಿ ಒಂದು ಚೀಟಿಯಲ್ಲಿ ಬರೆದು ಏರೋ ಬಾರ್‌ಗೆ ಅಂಟಿಸಿ.

ಹೆಜ್ಜೆ 7: ಹಿಂದಿನ ದಿನ

ಹೊಸದೇನೂ ಬೇಡ. ಒಗ್ಗಿದ ಊಟ, ಒಗ್ಗಿದ ಶೂ, ಒಗ್ಗಿದ ಸ್ಯಾಡಲ್. ಒಂದು ಗಂಟೆ ಹಗುರ ಸವಾರಿ, ನಡುವೆ ಒಂದೆರಡು ನಿಮಿಷದ ಎರಡು ಮೂರು ಜೋರು ಸರದಿ. ಗೇರ್ ಬ್ಯಾಟರಿ, ಪವರ್ ಮೀಟರ್, ಕಂಪ್ಯೂಟರ್ ಚಾರ್ಜ್ ಮಾಡಿ. ಸ್ಟಾರ್ಟ್ ಪಟ್ಟಿ ಬಂದ ಮೇಲೆ ನಿಮ್ಮ ಸಮಯವನ್ನು ಗಂಟೆ, ನಿಮಿಷ, ಸೆಕೆಂಡ್ ಸಮೇತ ಬರೆದುಕೊಳ್ಳಿ. ಹಿಂದಿನ ವರ್ಷದ ಚಾಂಪಿಯನ್ ಸಾಮಾನ್ಯವಾಗಿ ಕೊನೆಗೆ ಹೊರಡುತ್ತಾರೆ. ಹೊಸಬರು ಬೇಗ.

ಹೆಜ್ಜೆ 8: ಸ್ಟಾರ್ಟ್ ಸಮಯದಿಂದ ಹಿಂದಕ್ಕೆ ಎಣಿಸಿ

1989ರ ಟೂರ್ ಡಿ ಫ್ರಾನ್ಸ್‌ಗೆ ಪೆಡ್ರೊ ಡೆಲ್ಗಾಡೊ ಬಂದದ್ದು ಹಿಂದಿನ ವರ್ಷದ ವಿಜೇತರಾಗಿ. ಲಕ್ಸೆಂಬರ್ಗ್‌ನಲ್ಲಿ ಮೊದಲ ದಿನದ ಟೈಮ್ ಟ್ರಯಲ್‌ಗೆ ಅವರು ರಾಂಪ್ (ಸವಾರರು ಹೊರಡುವ ಇಳಿಜಾರು ವೇದಿಕೆ) ಹತ್ತಿದ್ದು 2 ನಿಮಿಷ 40 ಸೆಕೆಂಡ್ ತಡವಾಗಿ. ನೀವು ಹೊರಡಲಿ ಬಿಡಲಿ, ಪಟ್ಟಿಯಲ್ಲಿರುವ ಸಮಯಕ್ಕೆ ಗಡಿಯಾರ ಓಡಲು ಶುರುವಾಗುತ್ತದೆ. ಮೂರು ವಾರ ಆದ ಮೇಲೆ ಡೆಲ್ಗಾಡೊ ಮೂರನೇ ಸ್ಥಾನದಲ್ಲಿದ್ದರು, ಮೊದಲನೆಯವರಿಗಿಂತ 3 ನಿಮಿಷ 34 ಸೆಕೆಂಡ್ ಹಿಂದೆ.

ನಿಮ್ಮ ಸ್ಟಾರ್ಟ್ ಮಧ್ಯಾಹ್ನ 2 ಗಂಟೆಗೆ ಅಂದುಕೊಳ್ಳಿ. ಹನ್ನೊಂದರ ಒಳಗೆ ಊಟ ಮುಗಿದಿರಬೇಕು. ಹನ್ನೆರಡಕ್ಕೆ ಜಾಗಕ್ಕೆ ಬಂದು, ಶೌಚಾಲಯ ಎಲ್ಲಿದೆ, ಸೈಕಲ್ ತಪಾಸಣೆ ಎಲ್ಲಿದೆ, ರಾಂಪ್‌ಗೆ ಯಾವ ಕಡೆಯಿಂದ ಹೋಗಬೇಕು ನೋಡಿಕೊಳ್ಳಿ. ನಿಮ್ಮ ವಾಚ್ ಅನ್ನು ರೇಸ್‌ನ ಅಧಿಕೃತ ಗಡಿಯಾರಕ್ಕೆ ಹೊಂದಿಸಿ. ಕಾಫಿ ಒಗ್ಗುವವರು ಒಂದು ಗಂಟೆಗೆ ಕುಡಿಯಲಿ. ಕೆಫೀನ್ 2004ರಿಂದ ನಿಷೇಧ ಪಟ್ಟಿಯಲ್ಲಿಲ್ಲ, ಮೈತೂಕದ ಕೆಜಿಗೆ ಸುಮಾರು 3 ಮಿಲಿಗ್ರಾಂ ಸಾಕು.

1.05ಕ್ಕೆ ಟ್ರೈನರ್ ಮೇಲೆ ವಾರ್ಮ್ ಅಪ್. ಹನ್ನೆರಡು ನಿಮಿಷ ಹಗುರ, ಆಮೇಲೆ ಎಂಟು ನಿಮಿಷ ನಿಧಾನವಾಗಿ ಏರಿಸುತ್ತಾ ರೇಸ್ ವೇಗದ ಹತ್ತಿರಕ್ಕೆ, ಮತ್ತೆ ರೇಸ್ ವೇಗದಲ್ಲಿ ಒಂದೊಂದು ನಿಮಿಷದ ಮೂರು ಸರದಿ, ಕೊನೆಗೆ ಐದು ನಿಮಿಷ ಹಗುರ. ಸೆಕೆ ಜಾಸ್ತಿ ಇದ್ದರೆ ಐಸ್ ತುಂಬಿದ ಬಟ್ಟೆ ಕತ್ತಿನ ಮೇಲೆ, ಎದೆ ಮೇಲೆ ಇರಲಿ. ಮೈ ಬಿಸಿಯಾಗಬೇಕಾದ್ದು ಕಾಲಿನಲ್ಲಿ.

ಇಲ್ಲೊಂದು ಸಣ್ಣ ತೊಡಕಿದೆ. ಸೈಕಲ್ ತಪಾಸಣೆಗೆ ಸ್ಟಾರ್ಟ್‌ಗೆ ಕಡೇಪಕ್ಷ 15 ನಿಮಿಷ ಮುಂಚೆ ಹಾಜರಾಗಬೇಕು. ಅದಕ್ಕೇ ಬಲ್ಲವರು ವಾರ್ಮ್ ಅಪ್‌ಗೆ ಇನ್ನೊಂದು ಸೈಕಲ್ ಇಟ್ಟುಕೊಂಡಿರುತ್ತಾರೆ. ನಿಮ್ಮ ಹತ್ತಿರ ಒಂದೇ ಇದ್ದರೆ, ಮೇಲೆ ಹೇಳಿದ ಹಾಗೆ 1.35ರ ಸುಮಾರಿಗೆ ವಾರ್ಮ್ ಅಪ್ ಮುಗಿಸಿ, ತಪಾಸಣೆ ಮಾಡಿಸಿ, ಅನುಮತಿ ಇರುವ ಜಾಗದಲ್ಲಿ ಸುಮ್ನೆ ಕಾಲಾಡಿಸುತ್ತಾ ಇರಿ. ತಪಾಸಣೆ ಆದ ಮೇಲೆ ಸೈಕಲ್‌ನಲ್ಲಿ ಏನನ್ನೂ ಬದಲಾಯಿಸಬೇಡಿ.

ಹೆಜ್ಜೆ 9: ರಾಂಪ್ ಮತ್ತು ಮೊದಲ ಐದು ನಿಮಿಷ

ರಾಂಪ್ ಹತ್ತುವ ಮುಂಚೆಯೇ ಸರಿಯಾದ ಗೇರ್‌ಗೆ ಹಾಕಿರಿ. ಹಿಂದಿನಿಂದ ಒಬ್ಬರು ಸ್ಯಾಡಲ್ ಹಿಡಿದಿರುತ್ತಾರೆ. ಎರಡೂ ಕಾಲು ಪೆಡಲ್‌ಗೆ ಸಿಕ್ಕಿಸಿ, ಅವರ ಕೈ ಮೇಲೆ ನಂಬಿಕೆ ಇಟ್ಟು ನೆಟ್ಟಗೆ ಕೂರಿ. ಇದನ್ನೂ ಮನೆಯಲ್ಲಿ ಯಾರ ಹತ್ತಿರವಾದರೂ ಹಿಡಿಸಿಕೊಂಡು ಅಭ್ಯಾಸ ಮಾಡಿ. ಮೂವತ್ತು ಸೆಕೆಂಡ್, ಹದಿನೈದು, ಹತ್ತು, ಆಮೇಲೆ ಬೆರಳು ಎಣಿಕೆ: ಐದು, ನಾಲ್ಕು, ಮೂರು, ಎರಡು, ಒಂದು.

2024ರಲ್ಲಿ ಜ್ಯೂರಿಕ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ರೆಮ್ಕೊ ಎವೆನೆಪುಲ್ ಇನ್ನೇನು ಹೊರಡಬೇಕು ಅನ್ನುವಾಗ ಅವರ ಚೈನ್ ಕಳಚಿತು. ಗಡಿಬಿಡಿಯಲ್ಲಿ ಸರಿಮಾಡಿಕೊಂಡು ಹೊರಟರೆ, ಪವರ್ ಮೀಟರ್ ಕೈಕೊಟ್ಟಿತ್ತು. ವ್ಯಾಟ್ ಅಂಕಿಯೇ ಇಲ್ಲದೆ, ಮೈ ಹೇಳಿದಂತೆ ತುಳಿದು, ಫಿಲಿಪ್ಪೊ ಗನ್ನಾ ಅವರನ್ನು 6 ಸೆಕೆಂಡಿನಿಂದ ಸೋಲಿಸಿದರು. ತರಬೇತಿಯಲ್ಲಿ ವಾರಕ್ಕೊಮ್ಮೆಯಾದರೂ ಸ್ಕ್ರೀನ್‌ಗೆ ಟೇಪ್ ಹಚ್ಚಿ ತುಳಿಯಿರಿ ಅಂತ ನಾನು ಹೇಳುವುದು ಇದಕ್ಕೇ. ಉಸಿರಿನ ಲಯ, ಕಾಲಿನ ಉರಿ ಎಷ್ಟಿದ್ದಾಗ ಎಷ್ಟು ವ್ಯಾಟ್ ಅನ್ನುವುದು ಮೈಗೆ ಗೊತ್ತಿರಬೇಕು.

ರಾಂಪ್ ಇಳಿದು ಹತ್ತು ಸೆಕೆಂಡ್ ಎದ್ದು ತುಳಿದು ವೇಗಕ್ಕೆ ಬನ್ನಿ. ಕೂತುಕೊಳ್ಳಿ, ಬಗ್ಗಿ. ಈಗ ಬರುವ ಐದು ನಿಮಿಷ ಇಡೀ ರೇಸ್‌ನಲ್ಲೇ ಅಪಾಯದ ಐದು ನಿಮಿಷ. ಜನ ಕೂಗುತ್ತಿರುತ್ತಾರೆ, ಕಾಲು ತಾಜಾ ಇದೆ, 320 ವ್ಯಾಟ್ ಕೂಡ ಹಗುರ ಅನ್ನಿಸುತ್ತದೆ. ಗುರಿ 280 ಇದ್ದವರು ಇಲ್ಲಿ 270 ಹಿಡಿಯಿರಿ. "ಇದು ತುಂಬಾ ಸುಲಭ ಆಯ್ತು" ಅನ್ನಿಸಿದರೆ ಸರಿಯಾಗಿದೆ ಅಂತ ಅರ್ಥ. ಇಲ್ಲಿ ಬಿಟ್ಟುಕೊಟ್ಟ ಎರಡು ಮೂರು ಸೆಕೆಂಡ್‌ಗಳು ಕೊನೆಯ ಹತ್ತು ನಿಮಿಷದಲ್ಲಿ ಬಡ್ಡಿ ಸಮೇತ ವಾಪಸ್ ಬರುತ್ತವೆ. ನಡುದಾರಿ ಮುಗಿಯುವ ಹೊತ್ತಿಗೆ ಕಷ್ಟ ಅನ್ನಿಸಬೇಕು. ಕೊನೆಯ ಕಾಲು ಭಾಗದಲ್ಲಿ ಬರೀ ತಡೆದುಕೊಳ್ಳುವುದು. ಕೊನೆಯ ಎರಡು ಕಿಮೀಯಲ್ಲಿ ಅಂಕಿ ನೋಡಬೇಡಿ, ಇದ್ದದ್ದೆಲ್ಲ ಹಾಕಿ.

ಹೆಜ್ಜೆ 10: ದಾರಿಯ ನಿಯಮಗಳು

ಸಾಮಾನ್ಯವಾಗಿ ಒಂದೊಂದು ಅಥವಾ ಎರಡೆರಡು ನಿಮಿಷದ ಅಂತರದಲ್ಲಿ ಸವಾರರನ್ನು ಬಿಡುತ್ತಾರೆ. ಮುಂದಿನವರನ್ನು ನೀವು ಹಿಡಿಯಬಹುದು, ಹಿಂದಿನವರು ನಿಮ್ಮನ್ನು ಹಿಡಿಯಬಹುದು. ದಾಟುವಾಗ ಪಕ್ಕಕ್ಕೆ ಕಡೇಪಕ್ಷ 2 ಮೀಟರ್ ಬಿಡಬೇಕು. ದಾಟಿದ ಮೇಲೆ ಒಂದು ಕಿಲೋಮೀಟರ್ ಒಳಗೆ ಇಬ್ಬರ ನಡುವೆ 25 ಮೀಟರ್ ಅಂತರ ಬಂದಿರಬೇಕು. ಆ ಜವಾಬ್ದಾರಿ ಹಿಂದೆ ಬಿದ್ದವರದು. ಇನ್ನೊಬ್ಬರ ಗಾಳಿ ಮರೆಯಲ್ಲಿ ಹೋದರೆ ಸಮಯದ ದಂಡ ಬೀಳುತ್ತದೆ. ನಿಮ್ಮನ್ನು ಯಾರಾದರೂ ದಾಟಿದರೆ ಅವರ ವೇಗಕ್ಕೆ ಜೋತುಬೀಳಬೇಡಿ. ನಿಮ್ಮ ಅಂಕಿ ನಿಮಗೆ. ಯಾರನ್ನಾದರೂ ಹಿಡಿಯುವ ಹತ್ತಿರ ಬಂದಾಗ ನಿಧಾನ ಮಾಡದೆ ದೂರದಿಂದಲೇ ದಾರಿ ಬದಲಿಸಿ, ಒಂದೇ ಏಟಿಗೆ ದಾಟಿಬಿಡಿ.

ಹಿಂದೆ ಬೆಂಬಲದ ಕಾರ್ ಇದ್ದರೆ ಅದು ನಿಮ್ಮಿಂದ 10 ಮೀಟರ್ ಹಿಂದೆಯೇ ಇರಬೇಕು, ಪಕ್ಕಕ್ಕೆ ಬರುವಂತಿಲ್ಲ. ನೀವು ಮುಂದಿನವರಿಗೆ 100 ಮೀಟರ್ ಹತ್ತಿರ ಬಂದಾಗ ಅವರ ಕಾರ್ ನಿಮ್ಮ ಕಾರ್ ಹಿಂದಕ್ಕೆ ಸರಿಯಬೇಕು. ರೇಡಿಯೊ ಬಳಸಬಹುದಾ ಇಲ್ಲವಾ ಅನ್ನುವುದು ಆ ರೇಸ್‌ನ ತಾಂತ್ರಿಕ ಕೈಪಿಡಿಯಲ್ಲಿ ಇರುತ್ತದೆ. ಕಾರ್‌ನಲ್ಲಿ ಕೂತವರಿಗೆ ಮೊದಲೇ ಹೇಳಿ: "ಮುಂದೆ ಎಡ ತಿರುವು, 300 ಮೀಟರ್, ಬಾರ್ ಬಿಡಬೇಡ" ಅನ್ನುವಂಥ ಮಾತು ಮಾತ್ರ ಬೇಕು. ಬರೀ ಕೂಗಾಟದಿಂದ ವ್ಯಾಟ್ ಏರುವುದಿಲ್ಲ.

ತಲೆ ತಗ್ಗಿಸಿ ತುಳಿಯುವ ಆಸೆ ಬಂದಾಗ ಸ್ಟೆಫಾನ್ ಕ್ಯುಂಗ್ ಅವರನ್ನು ನೆನಪಿಸಿಕೊಳ್ಳಿ. 2023ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಅವರು ಪದಕದ ಆಸೆಯಲ್ಲಿ ತಲೆ ಬಗ್ಗಿಸಿ ತುಳಿಯುತ್ತಾ ರಸ್ತೆ ಬದಿಯ ತಡೆಬೇಲಿಗೆ ನೇರವಾಗಿ ಗುದ್ದಿದರು. ಮುಖವೆಲ್ಲ ರಕ್ತ, ಒಡೆದ ಹೆಲ್ಮೆಟ್, ಆದರೂ ಎದ್ದು ರೇಸ್ ಮುಗಿಸಿದರು. ತಲೆಗೆ ಪೆಟ್ಟು ಬಿದ್ದ ಮೇಲೆ ಹಾಗೆ ಮುಂದುವರಿಯುವುದು ಯಾರಿಗೂ ಬೇಡ. ಬಿದ್ದರೆ ನಿಲ್ಲಿಸಿ, ವೈದ್ಯರಿಗೆ ತೋರಿಸಿ.

ಹೆಜ್ಜೆ 11: ಗೆರೆ ದಾಟಿದ ಮೇಲೆ

ಹತ್ತು ನಿಮಿಷ ಹಗುರವಾಗಿ ಕಾಲಾಡಿಸಿ. ಡೋಪಿಂಗ್ ಪರೀಕ್ಷೆಗೆ ಕರೆದವರ ಪಟ್ಟಿಯಲ್ಲಿ ನಿಮ್ಮ ನಂಬರ್ ಇದೆಯಾ ಅಂತ ನೋಡುವುದು ನಿಮ್ಮದೇ ಜವಾಬ್ದಾರಿ. ಪದಕ ಬರದವರನ್ನೂ ಚೀಟಿ ಎತ್ತಿ ಕರೆಯಬಹುದು. ನೋಡದೆ ಮನೆಗೆ ಹೊರಟರೆ ಪರೀಕ್ಷೆ ತಪ್ಪಿಸಿಕೊಂಡ ಆರೋಪ ಬರುತ್ತದೆ. ಗುರುತಿನ ಚೀಟಿ ಬ್ಯಾಗ್‌ನಲ್ಲಿರಲಿ.

ಗೆದ್ದರೆ ರಾಷ್ಟ್ರದ ಬಣ್ಣದ ಜೆರ್ಸಿ ಸಿಗುತ್ತದೆ. ಮುಂದಿನ ವರ್ಷದ ಚಾಂಪಿಯನ್‌ಷಿಪ್‌ವರೆಗೆ ಅದನ್ನು ತೊಡುವ ಹಕ್ಕು ನಿಮ್ಮದು, ಆದರೆ ಟೈಮ್ ಟ್ರಯಲ್‌ಗಳಲ್ಲಿ ಮಾತ್ರ. ಗುಂಪಿನ ರೇಸ್‌ಗೆ ಆ ಜೆರ್ಸಿ ಆ ರೇಸ್‌ನ ಚಾಂಪಿಯನ್‌ದು.

ಸ್ಥಾನ ಎಷ್ಟೇ ಬರಲಿ, ಅದೇ ಸಂಜೆ ಪವರ್ ಫೈಲ್ ತೆರೆಯಿರಿ. ಮೊದಲ ಐದು ನಿಮಿಷದ ಸರಾಸರಿ, ಕೊನೆಯ ಐದು ನಿಮಿಷದ ಸರಾಸರಿ ಪಕ್ಕಪಕ್ಕ ಬರೆಯಿರಿ. ಕೊನೆಯದು ಮೊದಲನೆಯದಕ್ಕಿಂತ ತುಂಬಾ ಕಡಿಮೆ ಇದ್ದರೆ ಮುಂದಿನ ಸಲ ಹೊರಡುವಾಗ ಇನ್ನೂ ಹತ್ತು ವ್ಯಾಟ್ ಇಳಿಸಿ. ನಡುವೆ ಸಮಯ ಎಣಿಸುವ ಜಾಗಗಳಿದ್ದರೆ ಗೆದ್ದವರ ಸಮಯದ ಜೊತೆ ನಿಮ್ಮದನ್ನು ಹೋಲಿಸಿ, ಅಂತರ ಎಲ್ಲಿ ಬೆಳೆಯಿತು ಅಂತ ಗುರುತು ಮಾಡಿ: ಎದುರುಗಾಳಿಯಲ್ಲಾ, ಏರಿನಲ್ಲಾ, ತಿರುವುಗಳಲ್ಲಾ. ಏರೋ ಬಾರ್ ಬಿಟ್ಟು ಎಷ್ಟು ಸಲ ಎದ್ದಿರಿ ಅನ್ನುವುದನ್ನು ನೆನಪಿರುವಾಗಲೇ ಬರೆದಿಡಿ, ಅದು ಯಾವ ಫೈಲ್‌ನಲ್ಲೂ ಇರುವುದಿಲ್ಲ.